ಹನ್ನೆರಡು ಪಾಯಿಂಟ್ ಏಳು

ಅರಿಜೋನಾದ ಮರಳುಗಾಡಿನಲ್ಲೂ ಜನವರಿ ಜನವರಿಯೇ.
ಬಕೆಟ್ಟಿನ ನೀರಿಗೆ ಹಾಲಿನ ಕೆನೆಯಷ್ಟು ತೆಳ್ಳಗೆ
ಹಿಮ ಕಟ್ಟಿತ್ತು.
ಆರ್ಡಿಸ್ ಬಂದು ನನ್ನ ಗಾಡಿಯ ಬಾಗಿಲು ಬಡಿದಳು:
"ನನ್ನ ಬ್ಯಾಟರಿಗೆ ಏನೋ ಆಗಿದೆ."

ಎಷ್ಟು ತೋರಿಸುತ್ತಿದೆ?
"ಹನ್ನೆರಡು ಪಾಯಿಂಟ್ ಏಳು."
ತುಂಬಿದ ಲೆಕ್ಕವಲ್ಲವೇ ಅದು ಮಾರಾಯ್ತಿ!
"ಅದೇ ಮತ್ತೆ. ಮಲಗುವಾಗಲೂ ಅಷ್ಟೇ,
ಎದ್ದಾಗಲೂ ಅಷ್ಟೇ."

ಮೂವತ್ತೊಂದು ವರ್ಷ ರೈಲು ಸಿಗ್ನಲ್ಲುಗಳ
ಬ್ಯಾಟರಿಗಳಿಗೆ ನೀರುಣಿಸಿದವನು ನಾನು.
ಚಳಿಗೆ ಹೆದರಿ ಇಲ್ಲಿ ಬಂದು ಠಿಕಾಣಿ ಹೂಡುವ
ಮುದುಕ ಮುದುಕಿಯರ ಮನೆಗಾಡಿಗಳಿಗೆ
ಒಂಥರಾ ನಾಟಿ ವೈದ್ಯ.
ಫೀಜು ಒಂದು ಲೋಟ ಕಾಫಿ, ಅದೃಷ್ಟವಿದ್ದರೆ ಪೈ.
ಪಥ್ಯ ಎಲ್ಲರಿಗೂ ಒಂದೇ:
ಅರ್ಧಕ್ಕಿಂತ ಕೆಳಗಿಳಿಸಬೇಡಿ.
ಹಸಿದ ಬ್ಯಾಟರಿಯನ್ನು ಹಾಗೇ ಮಲಗಿಸಬೇಡಿ,
ಸೀಸದ ಹಲಗೆಗೆ ಬಿಳಿ ಹರಳು ಕಟ್ಟಿತೋ
ಯಾರಪ್ಪ ಬಂದರೂ ಬಿಡಿಸಲಾರ.
ನಲ್ಲಿ ನೀರು ಬೇಡ, ಬಟ್ಟಿ ಇಳಿಸಿದ ನೀರು,
ಅದೂ ಚಾರ್ಜು ತುಂಬಿದ ಮೇಲೆ,
ಅದೂ ಕಂಠಪೂರ್ತಿ ಬೇಡ.
ತಲೆಯಾಡಿಸುತ್ತಾರೆ.
ಮುಂದಿನ ವರ್ಷ ಸತ್ತದ್ದನ್ನು ಹೊತ್ತು ತರುತ್ತಾರೆ.

ಆರ್ಡಿಸ್ ಹಾಗಲ್ಲ.
ಹೋದ ಚಳಿಗಾಲ ಹಾರ್ಲನ್‌ನ ಉಸಿರಿಗೊಂದು ಯಂತ್ರವಿತ್ತು,
ಮೂಗಿಗೆ ಕೊಳವೆ,
ಪಕ್ಕದ ನೀರಿನ ಶೀಷೆಯಲ್ಲಿ ರಾತ್ರಿಯಿಡೀ ಗುಳುಗುಳು.
ಅದಕ್ಕಾಗಿ ದೀಪ ಆರಿಸಿದಳು,
ಫ್ರಿಜ್ಜು ನಿಲ್ಲಿಸಿ ಹಾಲನ್ನು ಹೊರಗೆ ಚಳಿಗಿಟ್ಟಳು,
ಬೆರಳಿನ ಅಂದಾಜಿನ ಮೇಲೆ ಕತ್ತಲಲ್ಲೇ ಸ್ವೆಟರು ಹೆಣೆದಳು.
ಗಂಟೆಗೊಮ್ಮೆ ಎದ್ದು ಟಾರ್ಚಿನಲ್ಲಿ ಮೀಟರು ನೋಡುವಳು:
ಹನ್ನೆರಡು ಪಾಯಿಂಟ್ ಮೂರು.
ಎರಡು.
ಒಂದು.
ಆಗ ಹೊರಗೆ ಬಂದು ಪೂರ್ವದ ಬೆಟ್ಟಕ್ಕೆ ಬೈಯುವಳು,
ಸೂರ್ಯನನ್ನು ಬಚ್ಚಿಟ್ಟುಕೊಂಡ ಕಳ್ಳಾ ಎಂದು.
ನನಗೆ ಅಲಾರಾಂ ಬೇಕಿರಲಿಲ್ಲ.

ಮಾರ್ಚಿಯಲ್ಲೊಂದು ದಿನ
ಎಚ್ಚರವಾಗುವಾಗ ಬಿಸಿಲು ಮುಖಕ್ಕೆ ಬಂದಿತ್ತು.
ಯಾರೂ ಬೈದಿರಲಿಲ್ಲ.

ಈ ಸಲ ಡಕೋಟಾದಿಂದ ಒಬ್ಬಳೇ ಗಾಡಿ ಹೊಡೆದುಕೊಂಡು ಬಂದಳು.
ಚಾವಣಿಯ ಮೇಲೆ ಅವೇ ಮೂರು ಸೌರಫಲಕ,
ಖರ್ಚು ಮಾತ್ರ ಒಂದು ಪುಟ್ಟ ಬಲ್ಬು,
ಅದೂ ಎಂಟಕ್ಕೇ ಆರುತ್ತದೆ.

ಆರು ಮುಚ್ಚಳ ತೆರೆದೆ. ಹೈಡ್ರೋಮೀಟರಿಗೆ ಹೀರಿದೆ.
ತೇಲುಕಡ್ಡಿ ಮುಳುಗಿತು,
ಸಾವಿರದ ಇನ್ನೂರ ಹತ್ತರ ಹತ್ತಿರ.
ಮೀಟರು ತುಂಬಿದೆ ಅನ್ನುತ್ತದೆ,
ಆಮ್ಲ ಎಲ್ಲಿ ತುಂಬಿದೆ ಅನ್ನುತ್ತದೆ.
"ಬರಿದಾಗಿ ಕೆಡುವುದು ಎಲ್ಲರಿಗೂ ಗೊತ್ತು," ಎಂದೆ.
"ತುಂಬಿಕೊಂಡೂ ಕೆಡುತ್ತದೆ ಇದು.
ಯಾರೂ ಬಳಸದೆ ಸುಮ್ಮನಿಟ್ಟರೆ
ಭಾರವೆಲ್ಲ ತಳಕ್ಕೆ ಕೂರುತ್ತದೆ,
ಮೇಲೆ ಬರೀ ನೀರು."
ಆರ್ಡಿಸ್ ಸ್ವೆಟರಿನ ತೋಳು ಎಳೆದುಕೊಂಡಳು.
ಎಡದ್ದು ಬಲದ್ದಕ್ಕಿಂತ ಒಂದಿಂಚು ಉದ್ದ.

ಗಾಡಿಯ ತಂತಿಗಳನ್ನು ಕಳಚಿ
ಜನರೇಟರಿನ ಹಗ್ಗ ಎಳೆದೆ,
ಚಾರ್ಜರನ್ನು ಹದಿನೈದೂವರೆಗೆ ಏರಿಸಿದೆ.
ಸಿಗರೇಟು ಕಿವಿಯ ಸಂದಿಯಲ್ಲೇ ಉಳಿಯಿತು;
ಇಲ್ಲಿ ಕಡ್ಡಿ ಗೀರಿದರೆ ಇಬ್ಬರೂ ಹಾರ್ಲನ್‌ನ ಹತ್ತಿರ.
ಬಹಳ ಹೊತ್ತು ಏನಿಲ್ಲ.
ಆಮೇಲೆ ಒಂದು ಬಾಯಲ್ಲಿ, ಇನ್ನೊಂದರಲ್ಲಿ,
ಎಸರಿಗೆ ಬರುವ ಮೊದಲ ಸದ್ದು,
ಹುಳಿ ಘಾಟು, ಸಣ್ಣ ಸಣ್ಣ ಗುಳ್ಳೆ,
ತಳದ್ದು ಮೇಲಕ್ಕೆ, ಮೇಲಿನದು ತಳಕ್ಕೆ.

ಮಡಚುವ ಕುರ್ಚಿ ಹತ್ತಿರಕ್ಕೆ ತಂದಳು.
ದೂರ ಕೂರು ಎಂದೆ. ಕೇಳಲಿಲ್ಲ.
ಕಣ್ಣು ಮುಚ್ಚಿ ತಲೆ ವಾಲಿಸಿ
"ಈ ಸದ್ದು ನನಗೆ ಗೊತ್ತು," ಎಂದಳು.
ಮೂರು ಗಂಟೆ ಕೂತಳು ಹಾಗೇ.
ಗಂಟೆಗೊಮ್ಮೆ ನಾನು ಆಮ್ಲ ಅಳೆದೆ.
ಇನ್ನು ಏರುವುದಿಲ್ಲ ಅನ್ನಿಸಿದಾಗ
ಜನರೇಟರು ಆರಿಸಿದೆ,
ಅವಳು ಬೆಚ್ಚಿ ನೋಡಿದಳು.

ಬಟ್ಟಿ ನೀರು ಹನಿಸಿದೆ.
ಬ್ಯಾಟರಿಯ ನೆತ್ತಿಯನ್ನು ಅಡುಗೆ ಸೋಡಾದಲ್ಲಿ ತೊಳೆದೆ.
"ಇನ್ನು ಖರ್ಚು ಮಾಡು," ಎಂದೆ.
"ಏತಕ್ಕೆ?"
ನನಗೆ ಉತ್ತರ ತಿಳಿಯಲಿಲ್ಲ. ಸಾಮಾನು ಕಟ್ಟಿಕೊಂಡು ಬಂದೆ.

ಆ ರಾತ್ರಿ ಅವಳ ಕಿಟಕಿಗಳು ನಾಲ್ಕೂ ಹೊತ್ತಿದ್ದವು.
ರೇಡಿಯೋದಲ್ಲಿ ಯಾರೋ ಹತ್ತಿಯ ಧಾರಣೆ ಓದುತ್ತಿದ್ದ,
ಆಮೇಲೆ ಯಾವುದೋ ಚರ್ಚಿನ ಪ್ರಸಂಗ,
ಆಮೇಲೆ ಬರೀ ಕರಕರ.
ಹನ್ನೊಂದಾದರೂ ಆರಲಿಲ್ಲ.

ಬೆಳಗಿನ ಜಾವ, ಇನ್ನೂ ನಸುಗತ್ತಲು,
ಹೊರಗೆ ಯಾರೋ ಬೆಟ್ಟಕ್ಕೆ ಬೈಯುತ್ತಿದ್ದರು.
ಎಚ್ಚರವಾಗಿಯೂ
ಸ್ವಲ್ಪ ಹೊತ್ತು ಕಂಬಳಿಯೊಳಗೇ ಇದ್ದೆ.