ಓದಲಾಗದ ಕಡತ: ಒಂದು

"ಹೊಸದೇ ತಗೊಂಡ್ಬಿಡಿ ಮೇಡಂ" ಅಂದರು
ಮುನಿನಂಜಪ್ಪ ಮೇಷ್ಟ್ರು, ಎಲೆಗೆ ಸುಣ್ಣ ಸವರುತ್ತ.
ಹನ್ನೊಂದು ವರ್ಷದ ಲ್ಯಾಪ್‌ಟಾಪು.
ಬೆಳಗ್ಗೆ ಗುಂಡಿ ಒತ್ತಿ, ಹಾಲು ಒಲೆಗಿಟ್ಟು,
ಉಕ್ಕಿಸಿ, ಕಾಫಿ ಬೆರೆಸಿ ಕುಡಿದು, ಲೋಟ ತೊಳೆದು ಬಂದರೂ
ಪರದೆಯಲ್ಲಿ ಚುಕ್ಕಿಗಳು ಸುತ್ತುತ್ತಲೇ ಇರುತ್ತವೆ
ಕಣಕ್ಕೆ ಕಟ್ಟಿದ ಎತ್ತಿನ ಹಾಗೆ.

ಯಾಕೋ ಸಿಟ್ಟು ಬಂತು.
ಕೀಲಿಮಣೆಯಲ್ಲಿ 'ಅ' ಅಳಿಸಿಹೋಗಿದೆ, ನಿಜ.
ಅಳಿಸಿದ್ದು ನನ್ನ ಬೆರಳೇ ತಾನೆ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ದಾಟಿ ಎರಡನೇ ಓಣಿ.
ಕೆಳಗೆ ರೇಷ್ಮೆ ಬಿಚ್ಚುವ ಮನೆ, ಹುಳ ಬೆಂದ ವಾಸನೆ,
ಮೆಟ್ಟಿಲು ಹತ್ತಿದರೆ ತರನ್ನುಮ್ ಅಂಗಡಿ:
ಮೊಬೈಲ್ ರಿಪೇರಿ, ಪಹಣಿ ಪ್ರಿಂಟು, ಲ್ಯಾಮಿನೇಷನ್.
"ಬನ್ನಿ ಮಿಸ್" ಅಂತ ದುಪಟ್ಟಾದಲ್ಲೇ ಕುರ್ಚಿ ಒರೆಸಿದಳು.
ಹತ್ತನೇ ಬಿ. ಕಿಟಕಿ ಪಕ್ಕದ ಬೆಂಚು.

ಹನ್ನೊಂದು ತಿರುಪು, ಒಂದೊಂದೂ ಒಂದೊಂದು ಉದ್ದ.
ಹಾಳೆಯ ಮೇಲೆ ಲ್ಯಾಪ್‌ಟಾಪಿನ ಬೆನ್ನು ಬರೆದು
ಬಿಚ್ಚಿದ್ದನ್ನು ಅದರದರ ಜಾಗಕ್ಕೇ ಚುಚ್ಚಿಟ್ಟಳು.
ಸ್ಕೇಲು ಮುಟ್ಟಲಿಲ್ಲ, ಅಳತೆ ಕೂದಲೆಳೆ ತಪ್ಪಲಿಲ್ಲ.
ಇವಳಿಗೆ ರೇಖಾಗಣಿತದಲ್ಲಿ
ಎಷ್ಟು ಕೊಟ್ಟಿದ್ದೆ ನಾನು?

ಫ್ಯಾನಿನ ಬಾಯಲ್ಲಿ ಕಂಬಳಿಯಂಥ ಧೂಳು,
ಒಂದಿಷ್ಟು ಸೀಮೆಸುಣ್ಣದ್ದೂ ಇರಬೇಕು;
ಒಂದು ಇರುವೆಯ ಹೆಣ.
ಹಳೆಯ ಡಿಸ್ಕು ಅಂಗೈಯಲ್ಲಿ ತೂಕದ ಬಟ್ಟು.
ಹೊಸದು ಬೆಂಕಿಪೊಟ್ಟಣಕ್ಕಿಂತ ಹಗುರ, ಹಿಡಿಸೋದು ನಾಲ್ಕರಷ್ಟು.
"ಇದ್ರೊಳಗೆ ಏನೂ ತಿರುಗಲ್ಲ ಮಿಸ್."
"ಮತ್ತೆ ಜೀವ ಇದೆ ಅಂತ ಗೊತ್ತಾಗೋದು ಹೇಗೆ?"
ಅವಳು ನಕ್ಕಳು. ನಾನು ತಮಾಷೆಗೆ ಕೇಳಿರಲಿಲ್ಲ.

ವೈರು ಸಿಕ್ಕಿಸಿದಳು. ಇದರಿಂದ ಅದಕ್ಕೆ ನಕಲು ಶುರು.
ನಲವತ್ತೊಂದಕ್ಕೆ ಕರೆಂಟು ಹೋಯಿತು,
ಕೆಳಗೆ ರಾಟೆಗಳೆಲ್ಲ ಒಮ್ಮೆಲೇ ಸುಮ್ಮನಾದವು,
ಮೂಲೆಯ ಇನ್ವರ್ಟರ್ ಒಂದೇ ಕುಯ್ಯೆಂದಿತು.
ಎಪ್ಪತ್ತಮೂರಕ್ಕೆ ನಿಂತೇಬಿಟ್ಟಿತು.
ಎಳೆ ತುಂಡಾದರೆ ಕೆಳಗಿನ ಹೆಂಗಸರು
ಸುಡುನೀರಿಗೆ ಬೆರಳದ್ದಿ ತುದಿ ಹುಡುಕುತ್ತಾರಲ್ಲ,
ಹಾಗೇ ಇದೂ ಹುಡುಕಿತು, ಆರು ಸಲ, ಕಟ ಕಟ ಅಂತ.
ಆಮೇಲೆ ಬಿಟ್ಟು ಮುಂದೆ ಹೋಯಿತು.

ಸಂಜೆ ಐದೂವರೆಗೆ ಮುಗಿಯಿತು.
ಪರದೆಯಲ್ಲಿ ಬಂದದ್ದನ್ನು ಅವಳೇ ಓದಿದಳು, ಗಟ್ಟಿಯಾಗಿ:
"ಓದಲಾಗದ ಕಡತ, ಒಂದು.
ಹತ್ತು ಬಿ, ಗಣಿತ, ಪೂರ್ವಸಿದ್ಧತಾ ಪರೀಕ್ಷೆ..."
ವರ್ಷ ಓದಲಿಲ್ಲ.

"ಇನ್ನೊಂದ್ಸಲ ನೋಡ್ಲಾ ಮಿಸ್? ಬೇರೆ ಸಾಫ್ಟ್‌ವೇರ್ ಇದೆ,
ಬಂದ್ರೂ ಬರಬಹುದು."
"ಬೇಡ. ಬಿಡು."

ಡಿಸ್ಕು ಯಾಕೆ ಬೇಕು?
ಕ್ರಮಸಂಖ್ಯೆ ಇಪ್ಪತ್ತೇಳು, ಮೂವತ್ತನಾಲ್ಕು.
ಪಾಸಿಗೆ ಒಂದು ಕಮ್ಮಿ.
ಕೊನೆಯ ಲೆಕ್ಕ: ಉತ್ತರ ಸರಿ, ಹಂತಗಳಿಲ್ಲ.
"ಎಲ್ಲಿಂದ ಬಂತು ಉತ್ತರ?" ಎಲ್ಲರ ಮುಂದೆ ನಿಲ್ಲಿಸಿ ಕೇಳಿದ್ದೆ.
"ಕಾಣಿಸ್ತು ಮಿಸ್" ಅಂದಿದ್ದಳು.
ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದ್ದೆ,
ಕೈವಾರ ಇಟ್ಟ ಹಾಗೆ ಗುಂಡಗೆ.

ಮಿಕ್ಕಿದ್ದೆಲ್ಲ ಬಂದಿತ್ತು.
ಹೊಸ ಫೋಲ್ಡರ್, ಹೊಸ ಫೋಲ್ಡರ್ ಎರಡು, ಹೊಸ ಫೋಲ್ಡರ್ ಒಂಬತ್ತು,
ಯಾರದೋ ಸೀಮಂತದ ಮಸುಕು ಫೋಟೋ ಇನ್ನೂರು,
ಅಳಿಸಬೇಕೆಂದು ಅಳಿಸದೆ ಬಿಟ್ಟ ಕಸ ಕೂಡ ಅಚ್ಚುಕಟ್ಟಾಗಿ.
ಅದರಾಚೆ ಉದ್ದದ ಕಪ್ಪು ಪಟ್ಟಿ: ಇನ್ನೂ ಯಾರಿಗೂ ಹಂಚದ ಜಾಗ.
ಅದರ ಅಂಚು ಹಿಡಿದು ಕೊನೆತನಕ ಎಳೆದಳು.
"ಆಯ್ತು ಮಿಸ್, ಇನ್ನು ನೀವುಂಟು, ಇದುಂಟು."

ದುಡ್ಡು ಬೇಡವೇ ಬೇಡ ಅಂದಳು. ನಾನು ಏಳಲಿಲ್ಲ.
ಕೊನೆಗೆ ಬಿಲ್ ಬರೆದಳು:
ಡ್ರೈವಿಗೆ ಇಷ್ಟು, ಕೇಬಲ್ಲಿಗೆ ಇಷ್ಟು,
ಕೂಲಿ ಇಷ್ಟು, ಅದರಲ್ಲಿ ಮಿಸ್ಸಿಗೆ ಕಳೆದದ್ದು ಇಷ್ಟು,
ಅಡ್ಡಗೆರೆ, ಒಟ್ಟು.
ಒಂದು ಹಂತವನ್ನೂ ಬಿಟ್ಟಿರಲಿಲ್ಲ.
ಬರೆಯುವಾಗ ನನ್ನ ಮುಖ ನೋಡಲಿಲ್ಲ, ತುಟಿಯಂಚು ಮಾತ್ರ
ಸ್ವಲ್ಪ ಬಿಗಿಹಿಡಿದಿತ್ತು.

ಇವತ್ತು ಬೆಳಗ್ಗೆ
ಗುಂಡಿ ಒತ್ತಿ ಒಲೆಯ ಕಡೆ ತಿರುಗಿದೆ.
ಕಡ್ಡಿ ಗೀರುವಷ್ಟರಲ್ಲಿ ಪರದೆ ಎದ್ದು ಕೂತಿದೆ,
ಹೋಮ್‌ವರ್ಕ್ ಮುಗಿಸಿ ಕೈಕಟ್ಟಿದ ಹುಡುಗಿಯಂತೆ.
ಸದ್ದಿಲ್ಲ. ಬಗ್ಗಿ ಕಿವಿಯಿಟ್ಟೆ.
ಏನೂ ಇಲ್ಲ.
ಹಾಲು ಇನ್ನೂ ತಣ್ಣಗೇ ಇತ್ತು.