ಬೇಡದ ಪದಗಳ ಪಟ್ಟಿ

ಒಂದು ಬೆರಳು ತಾಗಿದರೆ ನಾಲ್ಕು ದಿರ್ಹಮ್.
ಕರೆ ಬರಲಿ, ಬಾರದಿರಲಿ,
ನಲ್ಲಿ ಸೋರಲಿ, ಸೋರದಿರಲಿ.
ಅಜ್ಮಾನಿನ ನುಐಮಿಯಾದಲ್ಲಿ ನಮ್ಮ ಅಂಗಡಿ,
ಹನ್ನೆರಡಡಿ ಅಗಲ, ಬಾಗಿಲಲ್ಲೇ ಪೈಪಿನ ಕಟ್ಟು;
ಹೆಸರು ಅರಬಿಯಲ್ಲಿದೆ, ಬರೆಸಿಕೊಟ್ಟವನಿಗೂ ನನಗೂ
ಅದರ ಅರ್ಥದಲ್ಲಿ ಒಮ್ಮತವಿಲ್ಲ.

ಟೈಪಿಂಗ್ ಸೆಂಟರಿನ ಲ್ಯಾನ್ಸಿ ರಾತ್ರಿ ಬರುತ್ತಾನೆ
ಕಡಕ್ ಚಹಾದ ಕಾಗದದ ಲೋಟ ಹಿಡಿದು.
"ಉಮ್ಮರಬ್ಬಾಕ, ಹಿಂದೆ ಬೋರ್ಡನ್ನು ಗೋಡೆಗೆ ಹೊಡೆಯುತ್ತಿದ್ದರು,
ಈಗ ಜನರ ಅವಸರಕ್ಕೆ ಹೊಡೆಯುವುದು."
ನಕ್ಷೆಯಲ್ಲಿ ಐದು ಕಿಲೋಮೀಟರಿನ ಉಂಗುರ ಎಳೆದ,
ಅರ್ಧ ಉಂಗುರ ಕಡಲಿಗೆ ಬಿತ್ತು.
ಮೀನುಗಳ ಮನೆಯಲ್ಲೂ ಸಿಂಕು ಕಟ್ಟುತ್ತದಾ, ಎಂದೆ.
ನಗಲಿಲ್ಲ. ಲೆಕ್ಕದ ಹೊತ್ತಿಗೆ ಅವನಿಗೆ ನಗು ಬಾರದು.

ಆಗಸ್ಟಿನಲ್ಲಿ ತಾರಸಿಯ ಟ್ಯಾಂಕು ಕಾದು
ತಣ್ಣೀರಿನ ನಲ್ಲಿಯಲ್ಲಿ ಸುಡುನೀರು,
ಹೀಟರ್ ಆರಿಸಿಟ್ಟವರಿಗೆ ಬಿಸಿನೀರಿನ ನಲ್ಲಿಯಲ್ಲಿ ತಂಪು.
ಹೊಸದಾಗಿ ಬಂದವರು ಮಧ್ಯಾಹ್ನ ಕರೆಮಾಡಿ
ಪೈಪು ಅದಲುಬದಲಾಗಿದೆ ಎಂದು ಜಗಳಕ್ಕೆ ನಿಲ್ಲುತ್ತಾರೆ.
ಹೋಗುವುದಿಲ್ಲ. ಫೋನಿನಲ್ಲೇ ಹೇಳುತ್ತೇನೆ,
ಅಮ್ಮಾ, ಇಲ್ಲಿ ಹೀಗೆಯೇ.
ಅಷ್ಟು ಹೇಳಲಿಕ್ಕೂ ನಾಲ್ಕು ದಿರ್ಹಮ್ ನಾನೇ ಕೊಟ್ಟಿರುತ್ತೇನೆ.

ಎದುರು ಸಾಲಿನ ಶಂಸೀರ್ ದಿನಾ ಬೆಳಿಗ್ಗೆ
ಹಲ್ಲುಜ್ಜುವ ಮುಂಚೆ ನನ್ನ ಜಾಹೀರಾತನ್ನೊಮ್ಮೆ ಒತ್ತುತ್ತಾನೆ.
ಗೊತ್ತು. ಅವನದನ್ನು ನಾನೂ ಒತ್ತುತ್ತೇನೆ.
ಜುಮಾ ಮುಗಿಸಿ ಕೈ ಕೊಡುವಾಗ
ಇಬ್ಬರ ಹೆಬ್ಬೆರಳೂ ಸ್ವಲ್ಪ ಹಿಂದೆ ಸರಿಯುತ್ತವೆ.

ತಿಂಗಳ ಕೊನೆಗೆ ಒಂದು ಪಟ್ಟಿ ಬರುತ್ತದೆ,
ಯಾರು ಏನು ಹುಡುಕುತ್ತಾ ನನ್ನನ್ನು ಮುಟ್ಟಿದರೆಂದು.
ಅಡುಗೆಮನೆ ಸಿಂಕ್ ನಿಂತಿದೆ. ಸರಿ.
ರಾತ್ರಿ ಎರಡಕ್ಕೆ ಪ್ಲಂಬರ್. ಸರಿ, ನಮ್ಮ ಅನ್ನ ಇರುವುದೇ ಅದರಲ್ಲಿ.
ಆಮೇಲೆ ಇವರು:
ಪ್ಲಂಬರ್ ಹೆಲ್ಪರ್ ಸಂಬಳ ಎಷ್ಟು
ಅನುಭವ ಬೇಡ ವೀಸಾ ಫ್ರೀ
ವಿಸಿಟ್ ಮುಗಿಯುತ್ತದೆ ಪ್ಲಂಬರ್ ಜಾಬ್ ಅರ್ಜೆಂಟ್
ಖರ್ಚಿನ ಮೂರರಲ್ಲೊಂದು ಪಾಲು
ಸೋರಲಿಕ್ಕೆ ನಲ್ಲಿಯೇ ಇಲ್ಲದವರದು.

"ಹೊರಗಿಡಬೇಕು," ಎಂದ ಲ್ಯಾನ್ಸಿ. "ಪದ ಬರೆದರೆ ಸಾಕು,
ಆ ಪದ ಆಡಿದವನಿಗೆ ನೀವು ಕಾಣುವುದೇ ಇಲ್ಲ."
ನಾನು ಹೇಳುತ್ತಾ ಹೋದೆ, ಅವನು ಬಡಿಯುತ್ತಾ ಹೋದ.
ಜಾಬ್. ನೌಕರಿ. ಜೋಲಿ. ವೇಕೆನ್ಸಿ. ಸಂಬಳ. ವೀಸಾ.
ಎಷ್ಟು ಸಲೀಸಾಗಿ ಬಂದವು ಬಾಯಿಗೆ!
ಇಪ್ಪತ್ತಾರು ವರ್ಷದ ಹಿಂದೆ, ಬರ್ ದುಬೈಯ ದೋಣಿಕಟ್ಟೆಯಿಂದ
ಅಂಗಡಿ ಅಂಗಡಿ ಹತ್ತಿಳಿಯುವಾಗ
ನನ್ನಲ್ಲಿ ಇದ್ದ ಪದಗಳು ಇವಿಷ್ಟೇ.
ಆಗ ಅವು ಯಾರ ಜೇಬಿಗೂ ಭಾರವಾಗಿರಲಿಲ್ಲ;
ಒಬ್ಬ ಮುದುಕ ಮಾತ್ರ, ಇಲ್ಲ ಎನ್ನುವ ಮೊದಲು,
ನೀರು ಕೊಟ್ಟಿದ್ದ.

"ಕನ್ನಡದಲ್ಲೂ ಹಾಕಲಾ?"
ಕನ್ನಡದಲ್ಲಿ ಯಾರು ಹುಡುಕುತ್ತಾರೆ ಮಾರಾಯ, ಬಿಡು.
ದಾನಧರ್ಮ ಅಂತಲ್ಲ. ಚಹಾ ಆರುತ್ತಿತ್ತು.

ಮುಂದಿನ ಪಟ್ಟಿಯಲ್ಲಿ ಹನ್ನೊಂದು ಸಲ,
ಕನ್ನಡ ಅಕ್ಷರದಲ್ಲಿ, ಪ್ಲಂಬರ್ ಕೆಲಸ ಉಂಟಾ ಅಜ್ಮಾನ್.
ಪಕ್ಕದಲ್ಲಿ ಊರು: ವಿಟ್ಲ.
ಉಂಗುರ ಕಡಲು ದಾಟಿದ್ದು ಹೇಗೆ?
ಲ್ಯಾನ್ಸಿ ತಲೆ ಕೆರೆದ. ಒಂದು ಗುಂಡಿ ಒತ್ತಲು ಮರೆತಿದ್ದನಂತೆ;
ಅಜ್ಮಾನನ್ನು ನೆನೆಯುವವರೂ
ಅಜ್ಮಾನಿನಲ್ಲೇ ಇರುವ ಲೆಕ್ಕವಂತೆ.
ನಲವತ್ತನಾಲ್ಕು ದಿರ್ಹಮ್.

ಹನ್ನೆರಡನೆಯದು ಕರೆಯಾಗಿಯೇ ಬಂತು.
ಮಾತಿಲ್ಲ, ಉಸಿರು. ಹಿಂದೆ
ಖಾಸಗಿ ಬಸ್ಸಿನ ಆ ಉದ್ದ ಹಾರನ್ನು,
ತಿರುವು ಮುಗಿದರೂ ಮುಗಿಯದ್ದು. ಗುರುತು ಸಿಕ್ಕಿತು.
ನನ್ನ ಬಾಯಿ ಅಷ್ಟರಲ್ಲಿ ತನ್ನಷ್ಟಕ್ಕೆ, ಹಿಂದಿಯಲ್ಲಿ,
"ಬಂದು ನೋಡಲು ಐವತ್ತು, ಕೆಲಸ ಬೇರೆ"
ಎಂದುಬಿಟ್ಟಿತ್ತು.
ಕಟ್ಟಾಯಿತು.

ಹೆಸರು ಗೊತ್ತಿಲ್ಲ, ಹನ್ನೆರಡು ಎಂದು ಸೇವ್ ಮಾಡಿದ್ದೇನೆ.
ಲ್ಯಾನ್ಸಿ ಇವತ್ತು ಬರುತ್ತಾನೆ,
ಆ ಗುಂಡಿ ಒತ್ತಲಿಕ್ಕೆ.