ಅಕ್ಷರಕ್ಕೆ ನಾಲ್ಕು ಪೌಂಡು

ಅಕ್ಷರಕ್ಕೆ ನಾಲ್ಕು ಪೌಂಡು ಅಂದ ಕಲ್ಲುಕುಟಿಗ,
ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆದು.
ಗ್ಯಾಂಡರ್‌ವೇಡ್. ಎಣಿಸಿದ: ಹತ್ತು.
‘ಸ್ಮಿತ್ ಆಗಿದ್ದರೆ ಐದರಲ್ಲೇ ಮುಗೀತಿತ್ತು ಮೇಡಂ.’
ನಕ್ಕೆ. ಅವನಿಗೇನು ಗೊತ್ತು,
ನಾನು ಹುಟ್ಟಿದ್ದೇ ಸ್ಮಿತ್ ಆಗಿ,
ಕಲ್ಲೆಸೆದರೆ ಒಬ್ಬ ಸ್ಮಿತ್‌ಗೆ ತಾಗುವ
ನಾರಿಚ್‌ನ ಓಣಿಯಲ್ಲಿ.

ಐವತ್ತೊಂದು ವರ್ಷ ಫೋನಿನಲ್ಲಿ
ಬಟಾಣಿ ಸುಲಿದ ಹಾಗೆ ಬಿಡಿಸಿ ಹೇಳಿದ್ದೇನೆ
ಗ್ಯಾಸಿನವರಿಗೆ, ಹಲ್ಲಿನ ಡಾಕ್ಟರಿಗೆ.
ಆದರೂ ಬಂದ ಲಕೋಟೆಯ ಮೇಲೆ
ಯಾರೋ ಬೇರೆಯವಳು.

ಅರ್ಥ ಕೇಳಿದರೆ ಕ್ಲೆಮ್ ಭುಜ ಕುಣಿಸುತ್ತಿದ್ದ.
ಅವನಕ್ಕ ವಿನಿಫ್ರೆಡ್ ಪ್ರಕಾರ
ನಾರ್ಮನ್ ದೊರೆಗಳ ಜೊತೆ ಹಡಗಿಳಿದ ಹೆಸರು.
ಪಾದ್ರಿ ಅಂದರು:
ಹೆಬ್ಬಾತು ಕದ್ದು ಹೊಳೆಗೆ ಹಾರಿದವನ ಅಡ್ಡಹೆಸರು.

ಚರ್ಚಿನ ಹಳೆಯ ಪುಸ್ತಕದಲ್ಲಿ
ಒಬ್ಬ ಗುಮಾಸ್ತನಿಗೆ ಗ್ಯಾಂಡ್ರವಾಡ್ ಎಂದು ಕೇಳಿಸಿದೆ,
ಇನ್ನೊಬ್ಬನಿಗೆ ಗನ್ನರ್‌ವುಡ್.
ಜ್ವರದ ವರ್ಷ, ಒಂದೇ ವಾರದಲ್ಲಿ
ಮೂರು ಮಕ್ಕಳನ್ನು ಹೂತಾಗ, ಬರೀ ಗ್ಯಾಂಡರ್.
ಬರೆಯುವವನ ಕೈಯೂ ಸೋತಿರಬೇಕು.
ಪಕ್ಕದಲ್ಲಿ ಪ್ರತಿ ಸಲ ಒಂದು ಕತ್ತರಿ ಗೀಟು.
ಹೆಸರಿನವನು ತಾನೇ ಹಾಕಿದ್ದು ಅದೊಂದೇ,
ಕಾಗುಣಿತ ತಪ್ಪದ್ದೂ ಅದೊಂದೇ.

ನನಗೆ ಕಾಣುವುದು ಇಷ್ಟು:
ಬಿಸಿ ಡಾಂಬರಿಗೆ, ಆಮೇಲೆ ಮರಳಿಗೆ ಪಾದ ಅದ್ದಿಸಿಕೊಂಡು
ಅದೇ ಜೋಡಿನಲ್ಲಿ ಲಂಡನ್ನಿಗೆ ನಡೆವ ಹೆಬ್ಬಾತುಗಳು;
ಹಿಂದೆ ಕೋಲು ಹಿಡಿದವನ ಕಾಲಿಗೆ ಅದೂ ಇಲ್ಲ.
ಹೊಳೆ ಬಂತು. ಮುಂದಿನ ಗಂಡುಬಾತು
ಒಲ್ಲೆನೆಂದು ನಿಂತುಬಿಟ್ಟಿತು.
ಅದನ್ನೇ ಕಂಕುಳಲ್ಲಿ ಅವುಚಿ ಇವನಿಳಿದ,
ಎದೆಮಟ್ಟ ನೀರು, ಕಚ್ಚುತ್ತಿದೆ ಕಿವಿ.
ದಡದಲ್ಲಿ ಯಾರೋ ನಕ್ಕು ಕೂಗಿದರು.
ಹೆಸರು ಅಂಟಿತು,
ತೊಯ್ದ ಅಂಗಿ ಮೈಗೆ ಅಂಟಿದ ಹಾಗೆ.

ಆ ರಕ್ತ ಮೊನ್ನೆ ಮಂಗಳವಾರ ಮುಗಿಯಿತು.
ನಮಗೆ ಮಕ್ಕಳಿಲ್ಲ. ವಿನಿಫ್ರೆಡ್ ಹೋಗಿ ಆರು ವರ್ಷ.
ಈಗ ಅದಿರುವುದು ನನ್ನೊಬ್ಬಳ ಬಳಿ,
ಆ ಹೊಳೆಯ ಒಂದು ಹನಿಯೂ ಸೇರದವಳ ಬಳಿ,
ವಾಪಸು ಕೇಳಲು ಯಾರೂ ಬಾರದ
ಎರವಲು ಕೊಡೆಯಂತೆ.

‘ಹತ್ತೂ ಕೆತ್ತು’ ಅಂದೆ.
‘ಕೆಳಗೆ ಜಾಗ ಬಿಟ್ಟಿರು. ನನ್ನದೂ ಅದೇ.’
ಬರೆದುಕೊಂಡ. ಚೀಟಿ ತಿರುಗಿಸಿ ತೋರಿಸಿದ.
ಒಂದಕ್ಷರ ತಪ್ಪಿತ್ತು.
ಕನ್ನಡಕ ಏರಿಸಿಕೊಂಡು
ಮತ್ತೆ ಬಿಡಿಸತೊಡಗಿದೆ: ಜಿ, ಎ, ಎನ್...